ಸಹಾಯ ಬೇಕು: ಬೀಡಿ ಕಟ್ಟುವವರ ಕನಿಷ್ಠ ಕೂಲಿ ಲೆಕ್ಕ ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಬಂಟ್ವಾಳ ಕಡೆ. ಅಮ್ಮ ಮನೆಯಲ್ಲೇ ಬೀಡಿ ಕಟ್ಟುತ್ತಾರೆ.

ಬೇರೆ ಬೇರೆ ಕೆಲಸಕ್ಕೆ ಸರ್ಕಾರ ಬೇರೆ ಬೇರೆ ಕನಿಷ್ಠ ಕೂಲಿ ನಿಗದಿ ಮಾಡುತ್ತದೆ, ಅಲ್ವಾ? ಹೆಚ್ಚಿನ ಕೆಲಸಗಳಿಗೆ ಕುಶಲ, ಅಕುಶಲ ಅಂತ ದರ್ಜೆ, ಊರು ನೋಡಿ ವಲಯ. ಬೀಡಿ ಕಟ್ಟುವವರಿಗೆ ದಿನಗೂಲಿ ಅಲ್ಲ, 1,000 ಬೀಡಿಗೆ ಇಷ್ಟು ಅಂತ. ಅದರ ಮೇಲೆ ತುಟ್ಟಿಭತ್ಯೆ, ಬೆಲೆ ಏರಿಕೆ ನೋಡಿ ಏಪ್ರಿಲ್ 1ರಿಂದ ಬದಲಾಗುತ್ತದೆ.

ಅಮ್ಮನ ಕೂಲಿ ಲೆಕ್ಕದ ಪುಸ್ತಕದಲ್ಲಿ ಒಟ್ಟು ಮೊತ್ತ ಮಾತ್ರ ಇದೆ. ಮೂಲ ಕೂಲಿ ಎಷ್ಟು, ಭತ್ಯೆ ಎಷ್ಟು ಗೊತ್ತಾಗುತ್ತಿಲ್ಲ. ಕಟ್ಟಲು ಕೊಟ್ಟ ಬೀಡಿ ಎಲೆ ಕಡಿಮೆ ಬಿದ್ದರೆ ಕೈಯಿಂದ ದುಡ್ಡು ಹಾಕಿ ತರಬೇಕು. ಇದು ಯಾವ ನ್ಯಾಯ? ಬೆನ್ನು ಬಗ್ಗಿಸಿ ಕೂತು ದುಡಿದ ಕೂಲಿ ಅದು.

ಈ ವರ್ಷದ ಬೀಡಿ ಕೂಲಿಯ ಸರ್ಕಾರಿ ಅಧಿಸೂಚನೆಯ ಪ್ರತಿ ಇದ್ದವರು ದಯವಿಟ್ಟು ಹಾಕಿ. ಎಲೆಯ ಖರ್ಚನ್ನು ಕಾರ್ಮಿಕ ಅಧಿಕಾರಿ ಹತ್ತಿರ ಕೇಳಬಹುದಾ? ಬೀಡಿ ಯೂನಿಯನ್‌ನವರು ಯಾರಾದರೂ ಇದ್ದರೆ ತಿಳಿಸಿ.