ವಸಂತದ ಪೈಪೋಟಿಯಲ್ಲಿ ಮನೆ ಕೊಳ್ಳಲು ಈಗಿನಿಂದ ಏನು ಸಿದ್ಧತೆ ಬೇಕು?

ಪ್ರಶ್ನೆ:
ನಮಸ್ಕಾರ. ಅಮೆರಿಕದಲ್ಲಿರುವ ನಾವು ಏಪ್ರಿಲ್‌ನಿಂದ ಮನೆ ಹುಡುಕಬೇಕೆಂದಿದ್ದೇವೆ. ಬೇಸಿಗೆ ರಜೆಯಲ್ಲಿ ಮನೆ ಬದಲಿಸಿದರೆ ಮಕ್ಕಳ ಶಾಲೆಗೆ ತೊಂದರೆಯಾಗುವುದಿಲ್ಲ. ಎಲ್ಲ ಕುಟುಂಬಗಳೂ ಹೀಗೆಯೇ ಯೋಚಿಸುವುದರಿಂದ ಒಂದೇ ಮನೆಗೆ ಹಲವು ಆಫರ್‌ಗಳು ಬರುತ್ತವೆಂದೂ, ಇನ್‌ಸ್ಪೆಕ್ಷನ್ ಷರತ್ತನ್ನು (ಮನೆಯ ತಪಾಸಣೆಯಲ್ಲಿ ದೋಷ ಕಂಡರೆ ಖರೀದಿಯಿಂದ ಹಿಂದೆ ಸರಿಯುವ ಅವಕಾಶ) ಬಿಟ್ಟುಕೊಡದಿದ್ದರೆ ಮನೆ ಸಿಗುವುದಿಲ್ಲವೆಂದೂ ಪರಿಚಿತರು ಹೇಳುತ್ತಿದ್ದಾರೆ. ಡೌನ್ ಪೇಮೆಂಟ್‌ಗೆ (ಸಾಲವಲ್ಲದೆ ಕೈಯಿಂದ ಹಾಕುವ ಪಾಲು) ಮನೆ ಬೆಲೆಯ ಶೇ. 20ರಷ್ಟು ಹಣವಿದೆ, ಅದಕ್ಕಿಂತ ಹೆಚ್ಚಿಲ್ಲ. ಏನು ಮಾಡುವುದು ಸೂಕ್ತ?

ಉತ್ತರ 1:
ಮೊದಲು ಹಣದ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಕ್ಲೋಸಿಂಗ್ ವೆಚ್ಚವೇ (ಖರೀದಿ ಮುಗಿಸುವಾಗ ಕಟ್ಟುವ ಶುಲ್ಕಗಳು) ಸಾಮಾನ್ಯವಾಗಿ ಮನೆ ಬೆಲೆಯ ಶೇ. 2ರಿಂದ 5ರವರೆಗೆ ಆಗುವುದರಿಂದ, ನಿಮ್ಮ ಶೇ. 20 ಪೂರ್ತಿಯಾಗಿ ಡೌನ್ ಪೇಮೆಂಟ್‌ಗೆ ಉಳಿಯುವುದಿಲ್ಲ. ಬಳಿಕ ಎರಡು ಮೂರು ಸಾಲದಾತರಲ್ಲಿ ಪ್ರೀ-ಅಪ್ರೂವಲ್‌ಗೆ (ಎಷ್ಟು ಸಾಲ ಸಿಗಬಹುದೆಂಬ ಮುಂಗಡ ಒಪ್ಪಿಗೆ) ಅರ್ಜಿ ಹಾಕಿ. 45 ದಿನಗಳೊಳಗೆ ಮನೆ ಸಾಲಕ್ಕಾಗಿ ನಡೆಯುವ ಕ್ರೆಡಿಟ್ ತಪಾಸಣೆಗಳು ಒಂದೇ ಎಂದು ಎಣಿಕೆಯಾಗುವುದರಿಂದ ಕ್ರೆಡಿಟ್ ಸ್ಕೋರ್ ಇಳಿಯುವ ಭಯ ಬೇಡ. ನಿಮ್ಮ ದಾಖಲೆಗಳನ್ನು ಅಂಡರ್‌ರೈಟರ್ (ಸಾಲ ಕೊಡಬಹುದೇ ಎಂದು ನಿರ್ಧರಿಸುವವರು) ಮುಂಚೆಯೇ ಪರಿಶೀಲಿಸಿ ಕೊಡುವ ಪತ್ರ ಸಿಕ್ಕರೆ, ಮಾರುವವರ ಕಣ್ಣಿನಲ್ಲಿ ಅದರ ತೂಕವೇ ಬೇರೆ. ಅಂದ ಹಾಗೆ, 2024ರ ಆಗಸ್ಟ್‌ನಿಂದ ಬಹುತೇಕ ಏಜೆಂಟರು ಮನೆ ತೋರಿಸುವ ಮೊದಲೇ ಲಿಖಿತ ಒಪ್ಪಂದ ಕೇಳುತ್ತಾರೆ. ಕಮಿಷನ್ ಚೌಕಾಸಿಗೆ ಒಳಪಟ್ಟದ್ದು, ಸಹಿಗೆ ಮುನ್ನ ಮಾತಾಡಿ.

ಉತ್ತರ 2:
ನನ್ನ ಅಭಿಪ್ರಾಯದಲ್ಲಿ ಇನ್‌ಸ್ಪೆಕ್ಷನ್‌ಗಿಂತ ಹೆಚ್ಚು ಯೋಚಿಸಬೇಕಾದದ್ದು ಅಪ್ರೈಸಲ್ (ಸಾಲದಾತರಿಗಾಗಿ ನಡೆಯುವ ಮನೆಯ ಮೌಲ್ಯಮಾಪನ) ಬಗ್ಗೆ. ಪೈಪೋಟಿಯಲ್ಲಿ ನೀವು 5 ಲಕ್ಷ ಡಾಲರ್‌ಗೆ ಒಪ್ಪಿಕೊಂಡ ಮನೆಯನ್ನು ಅಪ್ರೈಸರ್ 4 ಲಕ್ಷ 80 ಸಾವಿರಕ್ಕೆ ಬೆಲೆ ಕಟ್ಟಿದರೆ, ಸಾಲದಾತರು ಕಡಿಮೆ ಮೊತ್ತವನ್ನೇ ಆಧಾರವಾಗಿ ಹಿಡಿಯುತ್ತಾರೆ. ಅದರ ಶೇ. 80 ಎಂದರೆ 3 ಲಕ್ಷ 84 ಸಾವಿರ. ನೀವು ಕೈಯಿಂದ ಹಾಕಬೇಕಾದದ್ದು 1 ಲಕ್ಷದ ಬದಲು 1 ಲಕ್ಷ 16 ಸಾವಿರ. ಸಾಲದಾತರು ಒಪ್ಪಿದರೆ 4 ಲಕ್ಷದ ಸಾಲವನ್ನೇ ಉಳಿಸಿಕೊಳ್ಳಬಹುದು, ಆದರೆ ಸಾಲವು ಅಂದಾಜು ಮೌಲ್ಯದ ಶೇ. 83 ದಾಟುವುದರಿಂದ ಸಾಲದಾತರ ರಕ್ಷಣೆಗಾಗಿ ನೀವು ಕಟ್ಟುವ ಪಿಎಂಐ ವಿಮೆಯ ಕಂತು ಸೇರಿಕೊಳ್ಳುತ್ತದೆ. ಹೆಚ್ಚುವರಿ ಹಣವಿಲ್ಲದ ನೀವು ಅಪ್ರೈಸಲ್ ಷರತ್ತನ್ನು (ಮೌಲ್ಯ ಕಡಿಮೆ ಬಂದರೆ ಹಿಂದೆ ಸರಿಯುವ ಅವಕಾಶ) ಕೈಬಿಟ್ಟರೆ, ವ್ಯವಹಾರ ಮುರಿದು ಅರ್ನೆಸ್ಟ್ ಮನಿಯನ್ನೇ (ಒಪ್ಪಂದದ ವೇಳೆ ಕೊಟ್ಟ ಮುಂಗಡ) ಕಳೆದುಕೊಳ್ಳುವ ಸಂಭವವಿದೆ. ಆದ್ದರಿಂದ ಕೈಗೆಟಕುವ ಗರಿಷ್ಠ ಬೆಲೆಗಿಂತ ಸಾಕಷ್ಟು ಕೆಳಗಿನ ಮನೆಗಳನ್ನೇ ನೋಡಿ; ಏರಿಸಿ ಕೇಳಲು ಆಗ ಜಾಗವಿರುತ್ತದೆ.

ಉತ್ತರ 3:
ಮೇಲಿನವರ ಲೆಕ್ಕ ಸರಿ, ಆದರೆ ಇನ್‌ಸ್ಪೆಕ್ಷನ್ ಹಗುರವಾದ ವಿಷಯವಲ್ಲ. ಅಡಿಪಾಯದ ಬಿರುಕೋ ಒಳಚರಂಡಿ ಕೊಳವೆಯ ದೋಷವೋ ಆಮೇಲೆ ಹೊರಬಿದ್ದರೆ ಇಡೀ ಖರ್ಚು ನಿಮ್ಮದೇ. ಷರತ್ತನ್ನು ಪೂರ್ತಿ ಬಿಡುವ ಬದಲು ಅವಧಿಯನ್ನು ಐದಾರು ದಿನಗಳಿಗೆ ಇಳಿಸಿ, ಸಣ್ಣಪುಟ್ಟ ರಿಪೇರಿ ಕೇಳುವುದಿಲ್ಲವೆಂದು ಬರೆದುಕೊಡಬಹುದು. ಮಾರುವವರು ಒಪ್ಪಿದರೆ ಆಫರ್ ಕೊಡುವ ಮೊದಲೇ ಇನ್‌ಸ್ಪೆಕ್ಟರನ್ನು ಕರೆದೊಯ್ಯುವುದು ಇನ್ನೂ ಉತ್ತಮ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಊರಿನಿಂದ ತಂದೆಯವರು ಸ್ವಲ್ಪ ಹಣ ಕಳಿಸುತ್ತೇನೆಂದಿದ್ದಾರೆ. ಅದನ್ನು ಡೌನ್ ಪೇಮೆಂಟ್‌ಗೆ ಸೇರಿಸಬಹುದೇ?

ಉತ್ತರ 1:
ಸೇರಿಸಬಹುದು. ಸಾಲದಾತರು ಸಾಮಾನ್ಯವಾಗಿ ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ, ದೊಡ್ಡ ಜಮೆಗಳ ಮೂಲವನ್ನು ವಿಚಾರಿಸುತ್ತಾರೆ. ಆದ್ದರಿಂದ ಹಣ ಬೇಗ ತರಿಸಿ, ವರ್ಗಾವಣೆಯ ರಸೀದಿಯನ್ನು ಇಟ್ಟುಕೊಳ್ಳಿ, ಮರಳಿಸಬೇಕಾದ ಸಾಲವಲ್ಲವೆಂದು ತಂದೆಯವರಿಂದ ಗಿಫ್ಟ್ ಲೆಟರ್ ಬರೆಸಿಕೊಳ್ಳಿ.