1205 ಲಾಕ್ ವೇಟ್ ಟೈಮ್‌ಔಟ್: ಸಂಜೆ ಹೊತ್ತಿಗೆ ಎಂಟೂ ಕೌಂಟರ್ ನಿಲ್ಲುತ್ತಿವೆ, ಗೊತ್ತಿದ್ದವರು ಹೇಳಿ

ಪ್ರಶ್ನೆ: ಸಗಟು ದಿನಸಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್. ಎಂಟು ಕೌಂಟರ್, ಒಂದು ಸರ್ವರ್, ಡೇಟಾಬೇಸ್ ಮೈಎಸ್‌ಕ್ಯೂಎಲ್ 8.0, ಟೇಬಲ್‌ಗಳೆಲ್ಲ ಇನ್ನೊಡಿಬಿ (ಅದರ ಸ್ಟೋರೇಜ್ ಎಂಜಿನ್). ರಶ್ ಇದ್ದಾಗ ಸೇವ್ ಒತ್ತಿದರೆ ಪರದೆ ಹಾಗೇ ನಿಂತು, ಕೊನೆಗೆ 1205 ಎರರ್ (ಲಾಕ್‌ಗೆ ಕಾದು ಸಮಯ ಮೀರಿತು) ಬರುತ್ತದೆ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿ, ಮರುದಿನ ಮತ್ತೆ ಅದೇ ಗೋಳು. ಎಷ್ಟು ಸೆಕೆಂಡ್ ಕಾಯಬೇಕು ಅನ್ನುವ ಇನ್ನೊಡಿಬಿ_ಲಾಕ್_ವೇಟ್_ಟೈಮ್‌ಔಟ್ 50 ಇದೆ, 300 ಮಾಡಿ ಅನ್ನುತ್ತಾರೆ. ಮಾಡಲೇ?

ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು): ಬೇಡ. 50 ಸೆಕೆಂಡ್ ಕಾಯುವ ಗಿರಾಕಿ ಐದು ನಿಮಿಷ ಕಾಯಬೇಕಾಗುತ್ತದೆ, ಅಷ್ಟೇ. ಎರರ್ ಬಂದ ಕೌಂಟರ್ ಪಾಪದ್ದು. ಲಾಕ್, ಅಂದರೆ ಸಾಲನ್ನು ಬೇರೆಯವರು ಬದಲಿಸದಂತೆ ಹಾಕುವ ಬೀಗ, ಹಿಡಿದು ಕೂತಿರುವುದು ಬೇರೆ ಯಾವುದೋ. ಅದನ್ನು ಹಿಡಿಯಿರಿ.

ಮುಂದಿನ ಸಲ ನಿಂತಾಗ ರೀಸ್ಟಾರ್ಟ್‌ಗೆ ಕೈ ಹಾಕುವ ಮುಂಚೆ ಸಿಸ್ ಸ್ಕೀಮಾದ ಇನ್ನೊಡಿಬಿ_ಲಾಕ್_ವೇಟ್ಸ್ ವ್ಯೂ ನೋಡಿ. ಕಾಯುತ್ತಿರುವ ಕ್ವೆರಿ, ತಡೆದಿರುವ ಕನೆಕ್ಷನ್‌ನ ನಂಬರ್ ಎರಡೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಆ 50 ಸೆಕೆಂಡ್ ಒಳಗೇ ನೋಡಬೇಕು, ಟೈಮ್‌ಔಟ್ ಆದ ಮೇಲೆ ಸಾಲು ಮಾಯ. ತಪ್ಪಿಹೋದರೆ ಇನ್ಫರ್ಮೇಷನ್ ಸ್ಕೀಮಾದ ಇನ್ನೊಡಿಬಿ_ಟಿಆರ್‌ಎಕ್ಸ್‌ನಲ್ಲಿ ಶುರುವಾದ ಸಮಯದ ಪ್ರಕಾರ ಜೋಡಿಸಿ. ಹತ್ತು ನಿಮಿಷದ ಹಿಂದೆ ಶುರುವಾಗಿ ಇನ್ನೂ ಮುಗಿಯದ ಟ್ರಾನ್ಸಾಕ್ಷನ್ (ಆದರೆ ಎಲ್ಲ, ಇಲ್ಲವಾದರೆ ಯಾವುದೂ ಇಲ್ಲ ಅನ್ನುವ ಬದಲಾವಣೆಗಳ ಗುಂಪು) ಇದ್ದರೆ ಅನುಮಾನ ಮೊದಲು ಅದರ ಮೇಲೆ.

ಇನ್ನೊಂದು ಮಾತು: ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 1205 ಅಂದರೆ ಡೆಡ್‌ಲಾಕ್, ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಸಿಕ್ಕಿಕೊಳ್ಳುವುದು. ಗೂಗಲ್‌ನಲ್ಲಿ ಹುಡುಕಿ ಅಲ್ಲಿನ ಮದ್ದು ಇಲ್ಲಿಗೆ ಹಾಕಬೇಡಿ.

ಪ್ರಶ್ನೆ ಕೇಳಿದವರು: ಸಿಕ್ಕಿತು. ಕಾಯುತ್ತಿರುವುದು ಬಿಲ್ ನಂಬರ್ ಟೇಬಲ್‌ನ ಸಾಲಿಗೆ. ತಡೆದಿರುವುದು ಮೂರನೇ ಕೌಂಟರ್, ಆದರೆ ಬ್ಲಾಕಿಂಗ್ ಕ್ವೆರಿ ಜಾಗದಲ್ಲಿ ನಲ್ (ಖಾಲಿ). ಪ್ರೊಸೆಸ್‌ಲಿಸ್ಟ್‌ನಲ್ಲಿ ಅದು ಸ್ಲೀಪ್, 640 ಸೆಕೆಂಡ್. ಮಲಗಿರುವ ಕನೆಕ್ಷನ್ ಲಾಕ್ ಹೇಗೆ ಹಿಡಿಯುತ್ತದೆ?

ಬಿಲ್ಲಿಂಗ್ ಡೆವಲಪರ್: ನಲ್ ಬಂದದ್ದೇ ಸುಳಿವು. ಕ್ವೆರಿ ಮುಗಿದಿದೆ, ಕಮಿಟ್ (ಬದಲಾವಣೆ ಖಾಯಂ ಮಾಡುವುದು) ಆಗಿಲ್ಲ. ಪರ್ಫಾರ್ಮೆನ್ಸ್ ಸ್ಕೀಮಾದ ಥ್ರೆಡ್ಸ್ ಟೇಬಲ್‌ನಲ್ಲಿ ಆ ಕನೆಕ್ಷನ್‌ನ ಥ್ರೆಡ್ ಐಡಿ ಹುಡುಕಿ, ಇವೆಂಟ್ಸ್_ಸ್ಟೇಟ್‌ಮೆಂಟ್ಸ್_ಹಿಸ್ಟರಿ ನೋಡಿ. ಕೊನೆಯ ಹತ್ತು ಸ್ಟೇಟ್‌ಮೆಂಟ್ ಅಲ್ಲಿರುತ್ತವೆ. ಹೆಚ್ಚಾಗಿ ಕಾಣುವುದು ಹೀಗೆ: ಟ್ರಾನ್ಸಾಕ್ಷನ್ ಶುರು, ಬಿಲ್ ನಂಬರ್ ಸಾಲಿಗೆ ಫಾರ್ ಅಪ್‌ಡೇಟ್ (ಲಾಕ್ ಹಾಕಿ ಓದುವುದು), ಬಿಲ್ ಇನ್ಸರ್ಟ್, ಸ್ಟಾಕ್ ಕಡಿತ. ಅಲ್ಲಿಗೆ ನಿಂತಿರುತ್ತದೆ. ಯಾಕೆಂದರೆ ಪರದೆಯ ಮೇಲೆ "ಪ್ರಿಂಟ್ ತೆಗೆಯಲೇ? ಹೌದು/ಇಲ್ಲ" ಅಂತ ಬಾಕ್ಸ್ ಬಂದಿದೆ, ಕಮಿಟ್ ಆಗುವುದು ಅದಕ್ಕೆ ಉತ್ತರ ಕೊಟ್ಟ ಮೇಲೆ. ಹುಡುಗ ಮೂಟೆ ಎಣಿಸೋಕೆ ಗೋಡೌನ್‌ಗೆ ಹೋದರೆ ಉಳಿದ ಏಳು ಕೌಂಟರ್ ಅವನಿಗಾಗಿ ಕಾಯುತ್ತವೆ.

ಪ್ರಿಂಟ್, ಎಸ್‌ಎಂಎಸ್, ಯುಪಿಐ ದೃಢೀಕರಣ ಎಲ್ಲ ಕಮಿಟ್ ಆದ ನಂತರ ಇರಲಿ. ಬಿಲ್ ನಂಬರ್ ಸಾಲನ್ನು ಮುಟ್ಟುವುದು ಕೊನೆಗೆ, ಕಮಿಟ್‌ಗೆ ಒಂದೆರಡು ಸ್ಟೇಟ್‌ಮೆಂಟ್ ಮುಂಚೆ. ಆಟೋ ಇನ್‌ಕ್ರಿಮೆಂಟ್ (ಡೇಟಾಬೇಸೇ ನಂಬರ್ ಕೊಡುವುದು) ಹಾಕಿಬಿಡೋಣ ಅಂದುಕೊಳ್ಳಬೇಡಿ: ರೋಲ್‌ಬ್ಯಾಕ್, ಅಂದರೆ ಮಾಡಿದ್ದೆಲ್ಲ ರದ್ದು, ಆದರೆ ನಂಬರ್ ಹಾರುತ್ತದೆ, ಜಿಎಸ್‌ಟಿ ನಿಯಮ 46 ಕೇಳುವುದು ಕ್ರಮವಾಗಿ ಸಾಗುವ ನಂಬರ್. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಅದೇ ನಿಯಮದಲ್ಲಿ ಅವಕಾಶವಿದೆ, 16 ಅಕ್ಷರ ಮೀರಬಾರದು ಅಷ್ಟೇ. ಕೌಂಟರಿಗೊಂದು ಸರಣಿ ಮಾಡಿದರೆ ಒಂದೇ ಸಾಲಿಗೆ ಎಂಟು ಜನ ಜಗ್ಗುವುದೇ ತಪ್ಪುತ್ತದೆ. ಆಡಿಟರ್‌ಗೆ ಒಂದು ಮಾತು ಹೇಳಿ ಮಾಡಿ.

ಪ್ರಶ್ನೆ ಕೇಳಿದವರು: ಬಾಕ್ಸ್ ಇರುವುದು ನಿಜ ಸರ್! ಸದ್ಯಕ್ಕೆ ಆ ಕನೆಕ್ಷನ್ ಕಿಲ್ ಮಾಡಬಹುದಾ (ಸರ್ವರ್‌ನಿಂದಲೇ ಕಡಿದುಹಾಕಬಹುದಾ)?

ಡಿಬಿಎ: ಮೊದಲು ಮೂರನೇ ಕೌಂಟರ್‌ಗೆ ನಡೆದುಹೋಗಿ ಬಾಕ್ಸ್‌ಗೆ ಉತ್ತರ ಕೊಡಿಸಿ. ಕಿಲ್ ಮಾಡಿದರೆ ಆ ಬಿಲ್ ಪೂರ್ತಿ ರೋಲ್‌ಬ್ಯಾಕ್. ಪ್ರಿಂಟ್ ಆಗಲೇ ಗಿರಾಕಿ ಕೈ ಸೇರಿದ್ದರೆ ಅದೇ ನಂಬರ್ ಮುಂದಿನವನಿಗೂ ಹೋಗುತ್ತದೆ. ಪಿಸಿಯೇ ಹ್ಯಾಂಗ್ ಆಗಿದ್ದರೆ ಮಾತ್ರ ಕಿಲ್. ನಿಮ್ಮ ರೀಸ್ಟಾರ್ಟ್ ಕೂಡ ಇದನ್ನೇ ಮಾಡುತ್ತಿತ್ತು, ಎಂಟೂ ಕೌಂಟರ್‌ಗೆ ಒಟ್ಟಿಗೆ.

ನೆಟ್‌ವರ್ಕ್ ನೋಡಿಕೊಳ್ಳುವವರು: ಕರೆಂಟ್ ಹೋಗಿ ಯುಪಿಎಸ್ ಇಲ್ಲದ ಪಿಸಿ ಆಫ್ ಆದರೂ ಹೀಗೇ ಆಗುತ್ತದೆ. ಸರ್ವರ್‌ಗೆ ಅದು ಸತ್ತದ್ದು ತಕ್ಷಣ ಗೊತ್ತಾಗುವುದಿಲ್ಲ. ಸುಮ್ಮನಿರುವ ಕನೆಕ್ಷನ್ ಕಡಿಯುವ ಅವಧಿ, ಅಂದರೆ ವೇಟ್_ಟೈಮ್‌ಔಟ್, ಡಿಫಾಲ್ಟ್ 28800 ಸೆಕೆಂಡ್, ಅಂದರೆ ಎಂಟು ಗಂಟೆ. 600ಕ್ಕೆ ಇಳಿಸಿ, ಆದರೆ ಕಡಿದುಹೋದ ಕನೆಕ್ಷನ್ ಮತ್ತೆ ತೆರೆಯಲು ಸಾಫ್ಟ್‌ವೇರ್‌ಗೆ ಬರುತ್ತದೋ ಇಲ್ಲವೋ ಮೊದಲು ಪರೀಕ್ಷಿಸಿ.

ಮತ್ತೊಬ್ಬ ಡೆವಲಪರ್: ಬಾಕ್ಸ್ ತೆಗೆದ ಮೇಲೆ 1213, ಅಂದರೆ ಡೆಡ್‌ಲಾಕ್, ತಲೆ ಎತ್ತಬಹುದು. ಒಂದು ಬಿಲ್‌ನಲ್ಲಿ ಮೊದಲು ಸಕ್ಕರೆ ಆಮೇಲೆ ತೊಗರಿಬೇಳೆ, ಇನ್ನೊಂದರಲ್ಲಿ ತಿರುಗಾಮುರುಗಾ. ಇಬ್ಬರೂ ಒಂದೊಂದು ಹಿಡಿದು ಇನ್ನೊಂದಕ್ಕೆ ಕೈ ಚಾಚುತ್ತಾರೆ. ಸ್ಟಾಕ್ ಕಡಿತವನ್ನು ಐಟಂ ಐಡಿ ಏರಿಕೆ ಕ್ರಮದಲ್ಲೇ ಮಾಡಿ.

ಎರಡೂ ಎರರ್ ಒಂದೇ ಅಂತ ಕೋಡ್ ಬರೆಯಬೇಡಿ. 1213ರಲ್ಲಿ ಇಡೀ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗಿರುತ್ತದೆ, ಮೊದಲಿಂದ ಮತ್ತೆ ಓಡಿಸಿ. 1205ರಲ್ಲಿ ಡಿಫಾಲ್ಟ್ ಆಗಿ ಆ ಒಂದು ಸ್ಟೇಟ್‌ಮೆಂಟ್ ಮಾತ್ರ ರದ್ದು, ಹಿಂದಿನ ಲಾಕ್‌ಗಳು ಹಾಗೇ ಇರುತ್ತವೆ. ನೀವೇ ರೋಲ್‌ಬ್ಯಾಕ್ ಕೊಡದಿದ್ದರೆ ಎರರ್ ಬಂದ ಕೌಂಟರ್ರೇ ಮುಂದಿನವರನ್ನು ತಡೆಯುತ್ತದೆ, ಅರ್ಧ ಬಿಲ್ ಕಮಿಟ್ ಆಗುವ ಅಪಾಯ ಬೇರೆ.

ಸ್ಟಾಕ್ ಅಪ್‌ಡೇಟ್‌ಗೆ ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಆಜ್ಞೆ) ಕೊಟ್ಟು ರೋಸ್ ಕಾಲಂ (ಓದುವ ಸಾಲುಗಳ ಅಂದಾಜು) ನೋಡಿ. ಒಂದು ಐಟಂಗೆ ಸಾವಿರಾರು ಅಂತ ಬಂದರೆ ಇಂಡೆಕ್ಸ್ (ಸಾಲನ್ನು ಬೇಗ ಹುಡುಕುವ ಸೂಚಿ) ಬಳಕೆಯಾಗುತ್ತಿಲ್ಲ. ಓದಿದ ಸಾಲುಗಳಿಗೆಲ್ಲ ಲಾಕ್ ಬೀಳುತ್ತದೆ. ಐಟಂ ಕೋಡ್ ಕಾಲಂ ವಾರ್‌ಚಾರ್ (ಅಕ್ಷರ ರೂಪದ್ದು) ಆಗಿದ್ದು, ಕ್ವೆರಿಯಲ್ಲಿ ಕೋಟ್ಸ್ ಇಲ್ಲದೆ ಬರೀ ಸಂಖ್ಯೆ ಕೊಟ್ಟರೆ ಇಂಡೆಕ್ಸ್ ಇದ್ದೂ ಇಲ್ಲದಂತೆ.

ಡಿಬಿಎ: ಬ್ಯಾಕಪ್ ಎಷ್ಟು ಹೊತ್ತಿಗೆ ಓಡುತ್ತದೆ ಅಂತಲೂ ನೋಡಿ. ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್‌ಗೆ ಸಿಂಗಲ್-ಟ್ರಾನ್ಸಾಕ್ಷನ್ ಆಪ್ಷನ್ ಕೊಡದಿದ್ದರೆ ಟೇಬಲ್‌ಗಳನ್ನೇ ಲಾಕ್ ಮಾಡುತ್ತದೆ. ಆಗ 1205 ಕೂಡ ಬರುವುದಿಲ್ಲ, ಪರದೆ ಸುಮ್ಮನೆ ನಿಂತಿರುತ್ತದೆ, ಯಾಕೆಂದರೆ ಆ ಲಾಕ್‌ಗೆ ಕಾಯುವ ಅವಧಿ, ಅಂದರೆ ಲಾಕ್_ವೇಟ್_ಟೈಮ್‌ಔಟ್, ಡಿಫಾಲ್ಟ್ ಆಗಿ ಒಂದು ವರ್ಷ.