4ಕೆ ಡಿಸ್ಕ್ ಅರ್ಧಕ್ಕೇ ನಿಲ್ಲುತ್ತಿದೆ, ದಾರಿ ಹೇಳಿ

ಜೇವರ್ಗಿ ರೋಡ್:
ತಲೆ ಕೆಟ್ಟುಹೋಗಿದೆ. ಕಸ್ಟಮ್ಸ್ ಕಟ್ಟಿ ಅಮೆರಿಕದಿಂದ ತರಿಸಿದ 4ಕೆ ಬ್ಲೂ-ರೇ ಸಿನಿಮಾ ಡಿಸ್ಕ್. ಇಂಟರ್ವಲ್ ದಾಟಿದ ಮೇಲೆ ಚಿತ್ರ ನಿಂತುಬಿಡುತ್ತದೆ. ಹಳೆಯ ಬ್ಲೂ-ರೇ ಎಲ್ಲ ಓಡುತ್ತವೆ. ಪ್ಲೇಯರ್‌ನಿಂದ ಟೀವಿಗೆ ಹೋಗುವ ಕೇಬಲ್ ಬದಲಿಸಿದೆ, ಉಪಯೋಗ ಇಲ್ಲ.

ಶಹಾಪುರ ಸೌಂಡ್:
ಪ್ಲೇಯರ್ ಯಾವುದು ಅಣ್ಣಾ? ರೀಜನ್, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕೆಂಬ ಕೋಡ್, ಅದರ ಸಮಸ್ಯೆ ಇರಬಹುದು. ಅಮೆರಿಕದ್ದು ಎ, ನಮ್ಮದು ಸಿ.

ಬೀದರ್ ಪರದೆ:
ರೀಜನ್ ತಪ್ಪಿದ್ದರೆ ಡಿಸ್ಕ್ ಶುರುವೇ ಆಗಲ್ಲ. 4ಕೆ ಡಿಸ್ಕ್‌ಗೆ ರೀಜನ್ ಕೋಡೂ ಇಲ್ಲ, ಜೊತೆಗೆ ಕೊಡುವ ಬ್ಲೂ-ರೇಗೆ ಇರಬಹುದು.

ಆಳಂದ 7.1:
ವೋಲ್ಟೇಜ್ ನೋಡ್ರಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಏರಿಳಿತ ಗೊತ್ತಲ್ವಾ? ಸ್ಟೆಬಿಲೈಸರ್ ಹಾಕಿ.

ಜೇವರ್ಗಿ ರೋಡ್:
ಹಾಕಿದ್ದೇನೆ ಸರ್. ಇನ್ವರ್ಟರ್ ಮೇಲೂ ಅಲ್ಲೇ ನಿಲ್ಲುತ್ತದೆ.

ಆಳಂದ 7.1:
ಯಾವ ಇನ್ವರ್ಟರ್? ಪ್ಯೂರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನಂತೆ ನುಣುಪಾದ ಅಲೆ ಕೊಡುವಂಥದ್ದು ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ನನ್ನ ರಿಸೀವರ್, ಸಬ್‌ವೂಫರ್, ಪ್ರೊಜೆಕ್ಟರ್ ಎಲ್ಲ ಅದರ ಮೇಲೇ ಇವೆ. 120 ಇಂಚಿನ ಪರದೆ, ಒಮ್ಮೆಯೂ ನಿಂತಿಲ್ಲ.

ಶಹಾಪುರ ಸೌಂಡ್:
ಇಷ್ಟೆಲ್ಲ ಯಾಕೆ? ಓಟಿಟಿಯಲ್ಲೂ 4ಕೆ ಚಿತ್ರ, ಸುತ್ತಲಿಂದ ಮೇಲಿಂದ ಕೇಳಿಸುವ ಅಟ್ಮಾಸ್ ಧ್ವನಿ ಬರುತ್ತದೆ.

ಬೀದರ್ ಪರದೆ:
ಹೆಸರು ಅದೇ, ಮಾಲು ಬೇರೆ. ಡಿಸ್ಕ್‌ನ ಟ್ರೂಎಚ್‌ಡಿ ಎಂಬ ಆಡಿಯೋ ಫಾರ್ಮ್ಯಾಟ್‌ನಲ್ಲಿ ಧ್ವನಿ ಏನೂ ಕಳೆಯದೆ ಬರುತ್ತದೆ. ಓಟಿಟಿಯಲ್ಲಿ ಹಿಂಡಿ ಕಳಿಸುತ್ತಾರೆ. ಅದು ಬಿಡಿ. ಜೇವರ್ಗಿ ಅಣ್ಣಾ, ಪ್ರತಿ ಸಲ ಒಂದೇ ಸೀನ್‌ನಲ್ಲಾ? ನಿಂತಾಗ ಪ್ಲೇಯರ್ ಮೇಲಿನ ಸಮಯ ಓಡುತ್ತಿರುತ್ತದಾ?

ಜೇವರ್ಗಿ ರೋಡ್:
ಒಂದೇ ಸೀನ್. ಸಮಯವೂ ನಿಲ್ಲುತ್ತದೆ. 100 ಜಿಬಿ ಡಿಸ್ಕ್.

ಬೀದರ್ ಪರದೆ:
ಇದನ್ನು ಮೊದಲೇ ಹೇಳಬೇಕಿತ್ತು. ಕೇಬಲ್ ಕೆಟ್ಟರೆ ಪರದೆ ಕಪ್ಪಾದರೂ ಸಮಯ ಓಡುತ್ತದೆ. ಇಲ್ಲಿ ಲೆನ್ಸ್‌ಗೆ ಓದಲು ಆಗುತ್ತಿಲ್ಲ. 100 ಜಿಬಿಯಲ್ಲಿ ಮೂರು ಪದರ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಲೇಸರ್ ಮತ್ತೆ ಫೋಕಸ್ ಹಿಡಿಯಬೇಕು. ಬೆರಳಿನ ಸಣ್ಣ ಗುರುತು ಇದ್ದರೂ ಅಲ್ಲಿ ತೊಡಕು. ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ. ಹಾಗೆ ಬಿದ್ದ ಗೀರು ಟ್ರ್ಯಾಕ್ ಉದ್ದಕ್ಕೂ ಹೋಗುತ್ತದೆ, ಪ್ಲೇಯರ್‌ಗೆ ಸರಿಪಡಿಸಿಕೊಳ್ಳಲು ಕಷ್ಟ.

ಜೇವರ್ಗಿ ರೋಡ್:
ಒರೆಸಿದೆ. ಆ ಸೀನ್ ದಾಟಿತು! ಆದರೆ ಕ್ಲೈಮ್ಯಾಕ್ಸ್‌ನಲ್ಲಿ ಮತ್ತೆ ನಿಂತಿತು.

ಬೀದರ್ ಪರದೆ:
ಹಾಗಾದರೆ ಡಿಸ್ಕ್ ತಗೊಂಡು ಬೀದರ್‌ಗೆ ಬನ್ನಿ, ನನ್ನ ಪ್ಲೇಯರ್‌ನಲ್ಲಿ ಹಾಕೋಣ. ಅಲ್ಲೂ ನಿಂತರೆ ಡಿಸ್ಕ್‌ದೇ ದೋಷ, ಬದಲಿ ಕೇಳಿ. ವಾಪಸ್ ಅವಧಿ ಮುಗಿಯುವ ಮುಂಚೆ ಬನ್ನಿ.

ಆಳಂದ 7.1:
ಅದಕ್ಕೂ ಮುಂಚೆ ಸೈನ್ ವೇವ್ ಇನ್ವರ್ಟರ್ ಮೇಲೆ ಒಮ್ಮೆ ಹಾಕಿ ನೋಡಿ.

ಹುಮನಾಬಾದ್:
ನನ್ನದು 66 ಜಿಬಿ ಡಿಸ್ಕ್. ಸಮಯ ಓಡುತ್ತದೆ, ಪರದೆ ಮಾತ್ರ ಆಗಾಗ ಕಪ್ಪು. ಇದೂ ಒರೆಸಿದರೆ ಹೋಗುತ್ತದಾ?

ಬೀದರ್ ಪರದೆ:
ಇಲ್ಲ, ನಿಮ್ಮದು ಕೇಬಲ್ ಕಡೆ. 18 ಜಿಬಿಪಿಎಸ್ (ಸೆಕೆಂಡಿಗೆ 18 ಗಿಗಾಬಿಟ್) ಸಾಗಿಸುವ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿ. ಬೇರೆ ಚರ್ಚೆ ಶುರು ಮಾಡಿ, ಪ್ಲೇಯರ್, ಟೀವಿ ಮಾಡೆಲ್ ಬರೆಯಿರಿ.